ನಾಲ್ಕು ಎಸ್ಸೆ, ಒಂದು ಕುಬಸ

ಫ್ಯಾಷನ್ ಡಿಸೈನ್ ಓದೋಕೆ ಇಂಗ್ಲೆಂಡಿಗೆ ಎರಡು ವರ್ಷ ಅರ್ಜಿ ಹಾಕಿದೆ. ಮೊದಲ ವರ್ಷ ಐದಕ್ಕೆ ಐದೂ ಕಡೆ ಇಲ್ಲ ಅಂದರು. ಎರಡನೇ ವರ್ಷ ಮೂರು ಕಡೆ ಇಂಟರ್‌ವ್ಯೂಗೆ ಕರೆದರು, ಎರಡು ಕಡೆ ಸೀಟು ಸಿಕ್ಕಿತು. ಇಷ್ಟರಲ್ಲಿ ನನ್ನ ಕೈಯಲ್ಲಿ ನಾಲ್ಕು ಎಸ್ಸೆ, ಅಂದರೆ ಅರ್ಜಿಯ ಜೊತೆ ನನ್ನ ಬಗ್ಗೆ ಬರೆದು ಕಳಿಸೋ ಬರಹ, ಆಗಿದ್ದವು. ಎರಡು ನಾನೇ ಬರೆದದ್ದು, ಒಂದು ದುಡ್ಡು ಕೊಟ್ಟು ಬರೆಸಿದ್ದು, ಇನ್ನೊಂದು ಎಐ ಬರೆದದ್ದು. ನಾಲ್ಕೂ ಇನ್ನೂ ಲ್ಯಾಪ್‌ಟಾಪಿನಲ್ಲಿವೆ. ಎಸ್ಸೆ ಹೇಗೆ ಬರೆಯೋದು ಅಂತ ಇದೇ ದಾರಿಯಲ್ಲಿರುವವರು ತುಂಬ ಜನ ಕೇಳುತ್ತಿದ್ದಾರೆ, ಹಾಗಾಗಿ ನಾಲ್ಕನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಿದ್ದೇನೆ.

ಮೊದಲೇ ಒಂದು ಮಾತು. ಎರಡನೇ ವರ್ಷ ನನ್ನ ಪೋರ್ಟ್‌ಫೋಲಿಯೋ ಕೂಡ ಸುಧಾರಿಸಿತ್ತು. ಹಾಗಾಗಿ ಸೀಟು ಸಿಕ್ಕಿದ್ದು ಎಸ್ಸೆಯಿಂದಲೇ ಅಂತ ಎದೆ ತಟ್ಟಿ ಹೇಳಲಾರೆ. ಇಂಟರ್‌ವ್ಯೂನಲ್ಲಿ ಅವರು ಏನು ಕೇಳಿದರು ಅನ್ನೋದನ್ನು ಮಾತ್ರ ಹೇಳಬಲ್ಲೆ.

ನಮ್ಮಲ್ಲಿ ಈ ಎಸ್ಸೆ ಅನ್ನೋದೇ ಹೊಸದು, ಅಲ್ವಾ? ನಿಫ್ಟ್ ಅನ್ನೋ ಫ್ಯಾಷನ್ ಕಾಲೇಜಿಗೆ ಹೋಗುವವರು ಪರೀಕ್ಷೆ ಬರೀತಾರೆ. ಕ್ರಿಯೇಟಿವ್ ಪೇಪರ್, ಜನರಲ್ ಪೇಪರ್, ಆಮೇಲೆ ಕೈಗೆ ಒಂದಿಷ್ಟು ಸಾಮಾನು ಕೊಟ್ಟು ಮಾದರಿ ಮಾಡಿಸುವ ಸಿಚುಯೇಶನ್ ಟೆಸ್ಟ್. ‘ನೀನು ಯಾರು, ಯಾಕೆ ಇದನ್ನೇ ಓದಬೇಕು’ ಅಂತ ಕೂರಿಸಿ ಬರೆಸುವವರಿಲ್ಲ. ನನಗೆ ಗೊತ್ತಿದ್ದದ್ದು ಹೈಸ್ಕೂಲಿನ ‘ನನ್ನ ಜೀವನದ ಗುರಿ’ ಪ್ರಬಂಧ ಒಂದೇ. ಇಂಗ್ಲೆಂಡಿನಲ್ಲಿ ಡಿಗ್ರಿಗೆ ಅರ್ಜಿ ಹಾಕೋಕೆ ಯೂಕಾಸ್ ಅಂತ ಒಂದೇ ಕಿಂಡಿ. ಐದು ಕೋರ್ಸಿನವರೆಗೆ ಆರಿಸಿಕೊಳ್ಳಬಹುದು, ಆದರೆ ಐದಕ್ಕೂ ಹೋಗೋದು ಒಂದೇ ಬರಹ. ‘ನಿಮ್ಮ ಕಾಲೇಜೇ ನನ್ನ ಕನಸು’ ಅಂತ ಒಬ್ಬರನ್ನು ಹೊಗಳಿದರೆ ಉಳಿದ ನಾಲ್ವರೂ ಅದನ್ನು ಓದುತ್ತಾರೆ. ಸ್ಪೇಸೂ ಸೇರಿ 4,000 ಅಕ್ಷರ, ಅಷ್ಟೇ.

ಮೊದಲನೇ ಎಸ್ಸೆ ಒಂದೇ ರಾತ್ರಿಯಲ್ಲಿ ಆಯಿತು. ಶುರುವಾಗೋದು ಹೀಗೆ: ಐದನೇ ವಯಸ್ಸಿನಲ್ಲಿ ಅವ್ವನ ಅಂಗಡಿಯ ಚಿಂದಿ ಬಟ್ಟೆಯಿಂದ ಗೊಂಬೆಗೆ ಸೀರೆ ಉಡಿಸಿದೆ, ಅವತ್ತಿನಿಂದ ಬಟ್ಟೆ ಅಂದರೆ ನನಗೆ ಪ್ರಾಣ. ಸುಳ್ಳೇನಲ್ಲ. ಹುಬ್ಬಳ್ಳಿಯಲ್ಲಿ ಅವ್ವನದು ಎರಡು ಮಷೀನಿನ ಪುಟ್ಟ ಟೈಲರಿಂಗ್ ಅಂಗಡಿ. ನಾನು ಬೆಳೆದದ್ದೇ ಅಲ್ಲಿಯ ಚಿಂದಿ ಚೀಲದ ಪಕ್ಕ. ಆದರೆ ಗೊಂಬೆಗೆ ಸೀರೆ ಉಡಿಸದ ಹುಡುಗಿ ಯಾರಿದ್ದಾಳೆ? ಯೂಕಾಸ್‌ನವರು ಒಮ್ಮೆ ಅರ್ಜಿಗಳನ್ನು ಒಂದಕ್ಕೊಂದು ತಾಳೆ ಹಾಕಿ ನೋಡಿದ್ದರಂತೆ. 2007ರಲ್ಲಿ ಸುದ್ದಿಯಾಗಿತ್ತು. ಎಂಟನೇ ವಯಸ್ಸಿನಲ್ಲಿ ಕೆಮಿಸ್ಟ್ರಿ ಆಟ ಆಡುತ್ತಾ ಪೈಜಾಮಕ್ಕೆ ತೂತು ಸುಟ್ಟುಕೊಂಡೆ ಅನ್ನೋ ಕಥೆ 234 ಅರ್ಜಿಗಳಲ್ಲಿತ್ತು! ಯಾರೋ ಒಬ್ಬರ ಪೈಜಾಮ, ಉಳಿದವರೆಲ್ಲ ಅದೇ ತೂತಿನಲ್ಲಿ ಕಾಲು ತೂರಿಸಿದವರು. ನನ್ನ ಗೊಂಬೆ ನಕಲಲ್ಲ, ನಿಜ. ಆದರೆ ಓದುವವರಿಗೆ ಅದು ಹೇಗೆ ಗೊತ್ತಾಗಬೇಕು?

ನಮ್ಮ ಓಣಿಯಲ್ಲಿ ಇಂಗ್ಲಿಷ್ ಕಲಿಸಿ ರಿಟೈರ್ ಆದ ಮೇಷ್ಟ್ರೊಬ್ಬರಿದ್ದಾರೆ. ನಾಲ್ಕು ಎಸ್ಸೆಗಳನ್ನೂ ಬೇರೆ ಬೇರೆ ದಿನ ಅವರಿಗೆ ಕೊಟ್ಟು, ಎರಡು ದಿನ ಬಿಟ್ಟು ‘ಏನು ನೆನಪಿದೆ ಸರ್?’ ಅಂತ ಕೇಳುತ್ತಿದ್ದೆ. ಇದೇ ನನ್ನ ಪರೀಕ್ಷೆ. ಮೊದಲನೆಯದಕ್ಕೆ ಅವರು ಹೇಳಿದ್ದು: ‘ಗೊಂಬೆ ಇತ್ತಲ್ಲಮ್ಮಾ... ಆಮೇಲೆ ಏನೋ ಪ್ಯಾಶನ್ ಅಂತ ನಾಲ್ಕೈದು ಸಲ ಬಂತು.’ ಎಣಿಸಿದೆ. ಆರು ಸಲ ಇತ್ತು.

ಎರಡನೆಯದು ಕನ್ಸಲ್ಟೆನ್ಸಿಯದು. ಹದಿನೆಂಟು ಸಾವಿರ ರೂಪಾಯಿ. ಒಂದು ಫಾರ್ಮ್ ತುಂಬಿಸಿಕೊಂಡರು, ಹತ್ತು ದಿನಕ್ಕೆ ಎಸ್ಸೆ ಬಂತು. ಇಂಗ್ಲಿಷ್ ಮಾತ್ರ ಮಲ್ಲಿಗೆ ಹೂವು. ಕೊಕೊ ಶನೆಲ್, ಅಲೆಕ್ಸಾಂಡರ್ ಮೆಕ್ವೀನ್, ಸಬ್ಯಸಾಚಿ, ಇಸ್ಸೆ ಮಿಯಾಕೆ, ದೊಡ್ಡ ಡಿಸೈನರ್‌ಗಳೆಲ್ಲರೂ ಒಂದೇ ಪ್ಯಾರಾದಲ್ಲಿ ಮದುವೆ ಮನೆಯ ಫೋಟೋದ ಥರ ನಿಂತಿದ್ದರು. ಆಮೇಲೆ ಸಸ್ಟೇನಬಿಲಿಟಿ. ಮೊದಲ ವರ್ಷ ಕಳಿಸಿದ್ದು ಇದನ್ನೇ. ಇದರ ಬಗ್ಗೆ ಜಾಸ್ತಿ ಹೇಳೋದಿಲ್ಲ. ಮೇಷ್ಟ್ರಿಗೆ ನೆನಪಿದ್ದದ್ದು ‘ಶನೆಲ್’ ಒಂದೇ. ಅದು ನನ್ನ ಹೆಸರಲ್ಲ. ನಾಲ್ವರಲ್ಲಿ ಯಾರ ಬಗ್ಗೆಯಾದರೂ ಎರಡು ನಿಮಿಷ ಮಾತಾಡು ಅಂದಿದ್ದರೆ ನನ್ನ ಕೈಲಿ ಆಗುತ್ತಿರಲಿಲ್ಲ. ಇಂಟರ್‌ವ್ಯೂಗೆ ಯಾರೂ ಕರೆಯಲಿಲ್ಲ, ಮಾನ ಉಳಿಯಿತು.

ಮುಂದಿನ ವರ್ಷದ ಹೊತ್ತಿಗೆ ಯೂಕಾಸ್ ನಮೂನೆಯನ್ನೇ ಬದಲಾಯಿಸಿತು. 2026ರ ಪ್ರವೇಶದಿಂದ ಒಂದೇ ಉದ್ದನೆಯ ಬರಹ ಇಲ್ಲ, ಮೂರು ಪ್ರಶ್ನೆಗಳಿವೆ. ಈ ವಿಷಯ ಯಾಕೆ ಓದಬೇಕು? ಈವರೆಗಿನ ಓದು ಇದಕ್ಕೆ ಹೇಗೆ ತಯಾರು ಮಾಡಿದೆ? ಓದಿನ ಹೊರಗೆ ಏನು ಮಾಡಿದ್ದೀಯ, ಅದು ಯಾಕೆ ಉಪಯೋಗ? ಒಟ್ಟು ಅದೇ 4,000 ಅಕ್ಷರ, ಒಂದೊಂದಕ್ಕೂ ಕಡೇ ಪಕ್ಷ 350. ಹಳೆಯದಕ್ಕೆ ಹೋಲಿಸಿದರೆ ನನ್ನ ಓಟು ಹೊಸದಕ್ಕೆ. ಹಳೆ ನಮೂನೆಯಲ್ಲಿ ಅರ್ಧ ಶಕ್ತಿ ‘ಮೊದಲ ಸಾಲು ಜೋರಾಗಿರಬೇಕು’ ಅನ್ನೋದಕ್ಕೇ ಹೋಗುತ್ತಿತ್ತು. ಇಲ್ಲಿ ಪ್ರಶ್ನೆಗೆ ಉತ್ತರ ಬರೆದರೆ ಸಾಕು, ಪರೀಕ್ಷೆ ಬರೆದು ಬೆಳೆದ ನಮ್ಮಂಥವರಿಗೆ ಅದು ಸಲೀಸು. ತೊಂದರೆ ಒಂದೇ. ಹೇಳೋ ಕಥೆ ಒಂದಿದ್ದರೆ ಅದನ್ನು ಎಲ್ಲಿ ಹಾಕೋದು ಅಂತ ತಲೆ ಕೆಡುತ್ತದೆ.

ಮೂರನೆಯದು ಎಐ. ಈ ಸಲ ಕನ್ಸಲ್ಟೆನ್ಸಿಗೆ ಕೊಡಲು ದುಡ್ಡೂ ಇರಲಿಲ್ಲ. ನನ್ನ ಬಗ್ಗೆ ಒಂದು ಪುಟ ವಿವರ ಬರೆದು ಹಾಕಿದೆ: ಹುಬ್ಬಳ್ಳಿ, ಅವ್ವನ ಅಂಗಡಿ, ಇಳಕಲ್ ಸೀರೆ, ಕಸೂತಿ ಕಲಿತದ್ದು, ಪಿಯುಸಿ ಕಾಮರ್ಸ್. ಅರ್ಧ ನಿಮಿಷಕ್ಕೆ ಮೂರೂ ಉತ್ತರ ಬಂದವು. ಮೊದಲ ಸಲ ಓದಿದಾಗ ನಿಜ ಹೇಳ್ತೀನಿ, ಕಣ್ಣಲ್ಲಿ ನೀರು ಬಂತು. ಪರಂಪರೆಯ ಎಳೆ, ಆಧುನಿಕತೆಯ ಎಳೆ, ಎರಡನ್ನೂ ನನ್ನ ಬದುಕಿನ ಮಗ್ಗದಲ್ಲಿ ನೇಯುತ್ತಿದ್ದೇನೆ ಅಂತೆಲ್ಲ ಇತ್ತು.

ರಾತ್ರಿ ಅವ್ವನಿಗೆ ಕನ್ನಡದಲ್ಲಿ ಹೇಳುತ್ತಾ ಹೋದೆ. ಅವಳು ಯಾರದೋ ಕುಬಸಕ್ಕೆ ಹುಕ್ ಹಚ್ಚುತ್ತಿದ್ದಳು. ‘ಅಜ್ಜಿಯ ಮಗ್ಗದ ಸದ್ದು ಕೇಳುತ್ತಾ ಬೆಳೆದೆ’ ಅಂದ ಕೂಡಲೇ ತಲೆ ಎತ್ತಿದಳು. ‘ಯಾರ ಅಜ್ಜಿ? ನಿಮ್ಮಜ್ಜಿ ಮಗ್ಗ ಕಣ್ಣಿಲೆ ನೋಡಿಲ್ಲಲ್ಲ ಬೇ!’ ಮುಂದಿನ ಸಾಲಿನಲ್ಲಿ ಕಸೂತಿಯ ಹಿಂಬದಿಯ ಪುಟ್ಟ ಪುಟ್ಟ ಗಂಟುಗಳಲ್ಲಿ ಹೆಂಗಸರ ಕಷ್ಟಸುಖ ಅಡಗಿದೆ ಅಂತಿತ್ತು. ಅವ್ವ ಹುಕ್ ಕೆಳಗಿಟ್ಟೇಬಿಟ್ಟಳು. ‘ಕಸೂತಿಗೆ ಗಂಟು ಹಾಕ್ತಾರೇನು?’

ಹಾಕೋದಿಲ್ಲ. ಕಸೂತಿಯ ಮೊದಲ ಪಾಠವೇ ಅದು. ಗವಂತಿ, ಮುರಗಿ, ನೇಯ್ಗೆ, ಮೆಂತ್ಯೆ ಅಂತ ನಾಲ್ಕು ಹೊಲಿಗೆ. ಬಟ್ಟೆಯ ಎಳೆ ಎಣಿಸಿ ಎಣಿಸಿ ಸೂಜಿ ಹಾಕಬೇಕು. ಗವಂತಿಯಲ್ಲಿ ಹೋದ ದಾರಿಯಲ್ಲೇ ವಾಪಸ್ ಬರಬೇಕು, ಬಂದ ಮೇಲೆ ಎರಡೂ ಬದಿ ಒಂದೇ ಥರ ಕಾಣಬೇಕು. ಗಂಟು ಕಂಡರೆ ಬಿಚ್ಚಿಸುತ್ತಾರೆ. ನನಗೆ ಕಲಿಸಿದ ಅತ್ತೆ ಮೂರು ಸಲ ಬಿಚ್ಚಿಸಿದ್ದಾರೆ. ನನ್ನ ಕೈಗೆ ಗೊತ್ತಿದ್ದ ಒಂದು ವಿಷಯವನ್ನು ಎಐ ತಪ್ಪು ಬರೆದಿತ್ತು, ನಾನು ಅದನ್ನೇ ಓದಿ ಅತ್ತಿದ್ದೆ! ಅದಕ್ಕಿಂತ ನಾಚಿಕೆ ಬೇರೆ ಬೇಕಾ? ಅಲ್ಲದೆ ಯೂಕಾಸ್‌ನಲ್ಲಿ ಇದು ನನ್ನದೇ ಬರಹ, ಬೇರೆಯವರದಲ್ಲ, ಎಐ ಕೊಟ್ಟದ್ದೂ ಅಲ್ಲ ಅಂತ ಒಪ್ಪಿಕೊಂಡು ಟಿಕ್ ಮಾಡಬೇಕು. ಕಾಗುಣಿತ ನೋಡೋಕೆ, ಅಕ್ಷರ ಕಡಿಮೆ ಮಾಡೋಕೆ ಆಮೇಲೂ ಅದನ್ನು ಬಳಸಿದೆ. ಬರೆಯೋಕೆ ಮಾತ್ರ ಇಲ್ಲ. ಮೇಷ್ಟ್ರಿಗೆ ಏನು ನೆನಪಿತ್ತು ಅಂದರೆ: ‘ಭಾಷೆ ಚೆನ್ನಾಗಿತ್ತಮ್ಮಾ.’ ವಿಷಯ? ‘ಯಾವುದೋ ಮಗ್ಗ.’

ನಾಲ್ಕನೆಯದು ಹುಟ್ಟಿದ್ದು ಪಕ್ಕದ ಮನೆ ಅಜ್ಜಿಯ ಕುಬಸದಿಂದ. ಅಜ್ಜಿಗೆ ಬಲಗೈ ಭುಜ ಹಿಡಿದುಕೊಂಡಿತ್ತು. ಗುಳೇದಗುಡ್ಡದ ಖಣ, ಅಂದರೆ ಕುಬಸದ ಬಟ್ಟೆ, ತಂದು ಕೊಟ್ಟು, ‘ತೋಳು ಎತ್ತಾಕ ಬರವಲ್ದು ನೋಡವಾ, ಸಡ್ಲ ಹೊಲದು ಕೊಡು’ ಅಂದರು. ಅವ್ವ ಊರಲ್ಲಿರಲಿಲ್ಲ. ನಾನು ದೊಡ್ಡ ಜಾಣೆ ಥರ ಕುಬಸದ ಕಂಕುಳನ್ನು ಒಂದೂವರೆ ಇಂಚು ಕೆಳಗೆ ಇಳಿಸಿ ಕತ್ತರಿಸಿದೆ. ಜಾಗ ಜಾಸ್ತಿ ಆದರೆ ಕೈ ಆಡುತ್ತದೆ ಅಂತ ನನ್ನ ಲೆಕ್ಕ. ಅಜ್ಜಿ ತೊಟ್ಟು ಕೈ ಎತ್ತಿದರು. ಕೈ ಮೇಲೆ ಹೋಗಲಿಲ್ಲ, ಇಡೀ ಕುಬಸವೇ ಮೇಲೆ ಎದ್ದು ಬಂತು.

ಕಂಕುಳಿನ ಗುಟ್ಟು ಉಲ್ಟಾ. ಅದು ಕೆಳಗೆ ಇಳಿದಷ್ಟೂ ತೋಳು ಮತ್ತು ಮೈ ಒಂದಕ್ಕೊಂದು ಕಟ್ಟಿಹಾಕಿದ ಹಾಗೆ ಆಗುತ್ತವೆ. ಮೇಲೆ ಇದ್ದಷ್ಟೂ, ಅಂದರೆ ನಿಜವಾದ ಕಂಕುಳಿಗೆ ಹತ್ತಿರ ಇದ್ದಷ್ಟೂ, ತೋಳು ತನ್ನ ಪಾಡಿಗೆ ತಾನು ಆಡುತ್ತದೆ. ಖಣ ಹಾಳಾಯಿತು, ಹೊಸದು ತಂದುಕೊಟ್ಟೆ. ಈ ಸಲ ಮೊದಲು ಮಾಂಜರಪಾಟದಲ್ಲಿ, ಅಂದರೆ ಒರಟು ಹತ್ತಿ ಬಟ್ಟೆಯಲ್ಲಿ, ಹೊಲಿದು ನೋಡಿದೆ. ಕಂಕುಳನ್ನು ಮೇಲೇ ಬಿಟ್ಟು, ಅಲ್ಲಿಗೆ ಎಲೆ ಆಕಾರದ ತುಂಡು ಸೇರಿಸಿದೆ. ಎಳೆತ ನೇರವಾಗಿ ಉದ್ದದ ಎಳೆಯ ಮೇಲೇ ಬಿತ್ತು, ತುಂಡು ಹಿಗ್ಗಲಿಲ್ಲ, ಎರಡನೇ ದಿನಕ್ಕೆ ಹೊಲಿಗೆ ಬಿಟ್ಟಿತು. ಅಷ್ಟರಲ್ಲಿ ಅವ್ವ ಬಂದಿದ್ದಳು. ನೋಡಿ ಒಂದೇ ಮಾತು: ‘ಕ್ರಾಸ್ ಮಾಡು.’ ಮೂರು ಇಂಚಿನ ಚೌಕ ಕತ್ತರಿಸಿ, ಎಳೆತ ಮೂಲೆಯಿಂದ ಮೂಲೆಗೆ ಬೀಳುವ ಹಾಗೆ ತಿರುಗಿಸಿ ಕೂರಿಸಿದೆ. ಓರೆಯಾಗಿ ಎಳೆದರೆ ಎಂಥ ಗಟ್ಟಿ ಬಟ್ಟೆಯೂ ಸ್ವಲ್ಪ ಬಗ್ಗುತ್ತದೆ. ಅಜ್ಜಿ ಕೈ ಎತ್ತಿ ಗೋಡೆಯ ಮೊಳೆಗೆ ಕ್ಯಾಲೆಂಡರ್ ಹಾಕಿದರು.

ಇಷ್ಟನ್ನೇ ಬರೆದೆ. ಓರೆ ಕತ್ತರಿಯ ಬಗ್ಗೆ ಹುಡುಕುತ್ತಾ ಹೋದಾಗ ಮದಲೀನ್ ವಿಯೋನೆ ಸಿಕ್ಕಳು. 1920ರ ದಶಕದ ಪ್ಯಾರಿಸ್ಸಿನಲ್ಲಿ ಇಡೀ ಗೌನನ್ನೇ ಓರೆಯಾಗಿ ಕತ್ತರಿಸಿದವಳು, ಚಿಕ್ಕ ಮರದ ಗೊಂಬೆಯ ಮೇಲೆ ಬಟ್ಟೆ ಇಳಿಬಿಟ್ಟು ನೋಡುತ್ತಿದ್ದವಳು. ಎಸ್ಸೆಯಲ್ಲಿ ಬಂದ ಒಂದೇ ದೊಡ್ಡ ಹೆಸರು ಅವಳದು. ಅದೂ ಎರಡೇ ಸಾಲು: ಅವಳು ಮೈ ಚೆಂದ ಕಾಣಲಿ ಅಂತ ಓರೆ ಬಳಸಿದಳು, ನನಗೆ ಅದು ಬೇಕಾಗಿದ್ದು ಹಿಡಿದುಕೊಂಡ ಭುಜಕ್ಕೆ, ಇವೆರಡರ ನಡುವೆ ಇನ್ನೂ ಏನೇನು ಮಾಡಬಹುದು ಅನ್ನೋದೇ ನಾನು ಕಲಿಯಬೇಕಾದದ್ದು. ಕನ್ಸಲ್ಟೆನ್ಸಿಯ ಎಸ್ಸೆಯಲ್ಲಿ ನಾಲ್ಕು ಹೆಸರಿದ್ದವು, ನಾಲ್ಕೂ ನನಗೆ ಅಪರಿಚಿತ. ಇವಳ ಬಗ್ಗೆ ಮಾತ್ರ ಅರ್ಧ ಗಂಟೆ ಮಾತಾಡಬಲ್ಲೆ.

ಮೂರು ಪ್ರಶ್ನೆಗೆ ಹಂಚುವುದು ಸುಲಭ ಆಗಲಿಲ್ಲ. ಮೊದಲು ಇಡೀ ಕಥೆಯನ್ನು ಮೂರನೇ ಪ್ರಶ್ನೆಗೆ ತುಂಬಿದೆ. ಓದಿನ ಹೊರಗಿನದು ತಾನೇ? ಆಗ ಮೊದಲ ಪ್ರಶ್ನೆ ಬಡವಾಯಿತು, ಮತ್ತೆ ‘ಪ್ಯಾಶನ್’ ಇಣುಕತೊಡಗಿತು. ಕೊನೆಗೆ ಹಾಳಾದ ಕುಬಸವನ್ನೂ ವಿಯೋನೆಯನ್ನೂ ಮೊದಲ ಪ್ರಶ್ನೆಗೆ ಕೊಟ್ಟೆ, ಸರಿಮಾಡಿದ್ದನ್ನು ಮೂರನೆಯದಕ್ಕೆ. ಎರಡನೇ ಪ್ರಶ್ನೆಗೆ ಕಾಮರ್ಸ್ ಓದಿದವಳು ಏನು ಬರೆಯಲಿ ಅಂತ ವಾರಗಟ್ಟಲೆ ಕೂತಿದ್ದೆ. ಆಮೇಲೆ ಹೊಳೆಯಿತು. ತುಂಡುಗಳನ್ನು ಹೇಗೆ ಜೋಡಿಸಿದರೆ ಒಂದು ಮೀಟರಿನ ಬದಲು ಎಂಬತ್ತು ಸೆಂಟಿಮೀಟರಿನಲ್ಲಿ ಕುಬಸ ಆಗುತ್ತದೆ ಅಂತ ಅವ್ವನಿಗೆ ಹಾಕಿಕೊಟ್ಟ ಲೆಕ್ಕ, ಅದರಿಂದ ಒಂದೊಂದು ಕುಬಸದ ಖರ್ಚು ಎಷ್ಟು ಇಳಿಯಿತು ಅನ್ನೋ ನೋಟ್‌ಬುಕ್ಕಿನ ಪುಟ. ಅಕೌಂಟೆನ್ಸಿ ಮೇಡಂ ನೋಡಿದ್ದರೆ ಖುಷಿ ಪಡುತ್ತಿದ್ದರು.

ಇದು ಚೆಂದದ ಎಸ್ಸೆ ಅಲ್ಲ. ಇಂಗ್ಲಿಷ್ ಸಾದಾ, ಕೆಲವು ಕಡೆ ಮೊಂಡು. ಎಐ ಬರೆದದ್ದರ ಪಕ್ಕ ಇಟ್ಟರೆ ರೇಷ್ಮೆ ಪಕ್ಕ ಮಾಂಜರಪಾಟ ಇಟ್ಟ ಹಾಗೆ. ಬರೆಯಲು ಏಳು ವಾರ ಹಿಡಿಯಿತು, ಜನವರಿ 14ರ ಗಡುವಿಗೆ ಎರಡು ದಿನ ಇರುವಾಗ ಕಳಿಸಿದೆ. ಮೇಷ್ಟ್ರು ಎರಡು ದಿನ ಆದಮೇಲೆ ಕಂಕುಳು, ಚೌಕದ ತುಂಡು, ಕ್ಯಾಲೆಂಡರ್, ಎಲ್ಲ ಹೇಳಿದರು. ‘ನನಗೂ ಹಂಗೊಂದು ಶರ್ಟು ಹೊಲಿದುಕೊಡಮ್ಮಾ’ ಅಂತಲೂ ಸೇರಿಸಿದರು. ಅವ್ವ ಪೂರ್ತಿ ಕೇಳಿ, ‘ಖಣ ಹಾಳ ಮಾಡಿದ್ದು ಯಾಕ ಬರದಿ? ಅವರ ಮುಂದ ಮರ್ಯಾದಿ ಹೋಗೂದಿಲ್ಲೇನು?’ ಅಂದಳು.

ಹೋಗಲಿಲ್ಲ. ಫೆಬ್ರವರಿಯಲ್ಲಿ ಮೊದಲ ಇಂಟರ್‌ವ್ಯೂ ಆನ್‌ಲೈನ್ ಆಯಿತು. ಇಪ್ಪತ್ತು ನಿಮಿಷ. ಪೋರ್ಟ್‌ಫೋಲಿಯೋದ ಚಿತ್ರಗಳನ್ನು ಐದು ನಿಮಿಷದಲ್ಲಿ ಸರಸರ ದಾಟಿಸಿ, ‘ಆ ಕುಬಸ ಇದೆಯಾ? ತೋರಿಸುತ್ತೀರಾ?’ ಅಂದರು. ಕುಬಸ ಅಜ್ಜಿಯ ಮೈಮೇಲಿತ್ತು, ಅಜ್ಜಿ ಸಂತೆಗೆ ಹೋಗಿದ್ದರು. ನನ್ನ ಹತ್ತಿರ ಇದ್ದದ್ದು ಹೊಲಿಗೆ ಬಿಟ್ಟ ಮಾಂಜರಪಾಟದ ಮಾದರಿ ಮಾತ್ರ. ಅದನ್ನೇ ಕ್ಯಾಮೆರಾ ಮುಂದೆ ಹಿಡಿದೆ. ‘ಒಳಗೆ ಹೊರಗೆ ಮಾಡಿ’ ಅಂದರು. ಮಾಡಿದೆ. ಪೆನ್ಸಿಲ್ ಗುರುತು, ಬಿಚ್ಚಿದ ದಾರ, ಅವ್ವ ಸೀಮೆಸುಣ್ಣದಲ್ಲಿ ಬರೆದ ಓರೆ ಗೆರೆ, ಎಲ್ಲ ಹಾಗೇ ಇತ್ತು. ‘ಆ ಗೆರೆ ಯಾರದು?’ ಅಂತ ಕೇಳಿದರು.

ಅವ್ವ ಬಾಗಿಲ ಸಂದಿಯಿಂದ ಇಣುಕುತ್ತಾ ನಿಂತಿದ್ದಳು.