ಸೆಲ್ ಮೇಲೆ ಬರೆದ ಆಂಪ್ ನಂಬಿ ಮನೆಯಲ್ಲಿ ವೇಪ್ ಕಟ್ಟಬೇಡಿ

ಮನೆಯಲ್ಲೇ ವೇಪ್ ಡಿವೈಸ್ (ಇ-ಸಿಗರೇಟ್) ಕಟ್ಟುವವರು, ಹಳೆಯದನ್ನು ಬಿಚ್ಚಿ ಬದಲಾಯಿಸುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನನ್ನ ಗೆಳೆಯನ ಬಲಗೈ ಸುಟ್ಟುಹೋಗಿದೆ. ತೊಡೆಯ ಚರ್ಮ ತೆಗೆದು ಅಂಗೈಗೆ ಹಾಕಿದ್ದಾರೆ, ಈಗಲೂ ಮುಷ್ಟಿ ಪೂರ್ತಿ ಬಿಗಿಯಲು ಬರುವುದಿಲ್ಲ. ಅವನು ಕೆಲಸ ಗೊತ್ತಿಲ್ಲದವನೇನಲ್ಲ. ಬೆಸುಗೆ ಚೆನ್ನಾಗಿ ಹಾಕುತ್ತಾನೆ, ಓಮ್ ಲೆಕ್ಕ ಬಾಯಲ್ಲೇ ಇರುತ್ತದೆ. "ನನಗೆ ಇದೆಲ್ಲ ಗೊತ್ತು ಬಿಡಿ" ಅನ್ನುವವರೇ ಮುಖ್ಯವಾಗಿ ಓದಬೇಕು ಅಂತ ನನ್ನ ಆಸೆ. ವೇಪ್ ಎಳೆಯಬೇಕೋ ಬೇಡವೋ ಅನ್ನುವುದು ಬೇರೆ ಮಾತು, ನನ್ನನ್ನು ಕೇಳಿದರೆ ಬೇಡವೇ ಬೇಡ.

ಅವನ ಹತ್ತಿರ ಒಂದು ಹಳೆಯ ಬಾಕ್ಸ್ ಮಾಡ್, ಅಂದರೆ ಪೆಟ್ಟಿಗೆ ಆಕಾರದ ವೇಪ್, ಇತ್ತು. ಒಳಗಿನ ಸರ್ಕ್ಯೂಟ್ ಬೋರ್ಡ್ ಸತ್ತಿತ್ತು. ಅಲ್ಯೂಮಿನಿಯಂ ಪೆಟ್ಟಿಗೆ ಗಟ್ಟಿಮುಟ್ಟಾಗಿದೆ, ಸುಮ್ನೆ ಯಾಕೆ ಎಸೆಯುವುದು ಅಂತ ಬೋರ್ಡ್ ಕಿತ್ತು, ಸೆಲ್‌ನಿಂದ ಸ್ವಿಚ್‌ಗೆ, ಸ್ವಿಚ್‌ನಿಂದ ನೇರವಾಗಿ ದ್ರವ ಕಾಯಿಸುವ ತಂತಿ ಸುರುಳಿಗೆ, ಅಂದರೆ ಕಾಯಿಲ್‌ಗೆ ವೈರ್ ಎಳೆದ. ನಡುವೆ ಫ್ಯೂಸ್ ಇಲ್ಲ, ಏನೂ ಇಲ್ಲ. ಕಾಯಿಲ್ 0.15 ಓಮ್. ಪೂರ್ತಿ ಚಾರ್ಜ್ ಆದ ಸೆಲ್ 4.2 ವೋಲ್ಟ್. ಭಾಗಿಸಿದರೆ 28 ಆಂಪ್, ಅಂದರೆ ಅಷ್ಟು ಕರೆಂಟ್ ಹರಿಯುತ್ತದೆ. ಸೆಲ್ ಮೇಲೆ 40 ಆಂಪ್, 3500 ಎಂಎಎಚ್ (ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ) ಅಂತ ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು. 28ಕ್ಕೆ 40 ಧಾರಾಳವಾಯಿತು ಅಲ್ವಾ? ಭಾಗಾಕಾರ ಸರಿಯಾಗೇ ಇತ್ತು. ಸೆಲ್ ಮೇಲಿದ್ದ ಬರಹ ಸುಳ್ಳು.

ಆ ಸೆಲ್ 18650 ಗಾತ್ರದ್ದು, ಅಂದರೆ 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದ, ಅಷ್ಟೇ ಜಾಗ. ಅಷ್ಟರಲ್ಲಿ ಜಾಸ್ತಿ ಹೊತ್ತು ಬಾಳಿಕೆಯನ್ನೂ ಜಾಸ್ತಿ ಕರೆಂಟನ್ನೂ ಎರಡೂ ತುಂಬಲು ಆಗುವುದಿಲ್ಲ. ಒಳ್ಳೆಯ ಕಂಪನಿಗಳ 3500 ಎಂಎಎಚ್ ಸೆಲ್ ಸಾಮಾನ್ಯವಾಗಿ ಬಿಡದೆ ಕೊಡುವುದು 10 ಆಂಪ್ ಆಸುಪಾಸು. 20, 25 ಆಂಪ್ ತಡೆಯುವ ಸೆಲ್‌ಗಳು ಹೆಚ್ಚಾಗಿ 2500 ಎಂಎಎಚ್ ಸುತ್ತಮುತ್ತ ಇರುತ್ತವೆ. ಎರಡೂ ದೊಡ್ಡ ಸಂಖ್ಯೆ ಒಂದೇ ಸೆಲ್ ಮೇಲೆ ಕಂಡರೆ ಅಲ್ಲೇ ಕೆಳಗಿಡಿ. 9900 ಎಂಎಎಚ್ ಅಂತ ಬರೆದ 18650 ಕೂಡ ಮಾರಾಟಕ್ಕಿದೆ, ಅಂಥದ್ದನ್ನು ಇಲ್ಲಿಯವರೆಗೆ ಯಾರೂ ಮಾಡಿಯೇ ಇಲ್ಲ.

ಅದು ಸಿಡಿದಾಗ ನಾನು ಅದೇ ಕೋಣೆಯಲ್ಲಿದ್ದೆ. ಬಟನ್ ಒತ್ತಿ ಒಂದು ದಮ್ ಎಳೆದು ಬೆರಳು ತೆಗೆದ. ಕಾಯಿಲ್ ಚುರ್ರೆನ್ನುವುದು ನಿಲ್ಲಲಿಲ್ಲ. ಸ್ವಿಚ್ ಒಳಗಿನ ಎರಡು ಲೋಹದ ತುಂಡುಗಳು ಆ ಕರೆಂಟಿಗೆ ಕರಗಿ ಒಂದಕ್ಕೊಂದು ಬೆಸೆದುಕೊಂಡಿದ್ದವು. ಸ್ವಿಚ್ 16 ಆಂಪಿನದು, ಒಂದೆರಡು ಸೆಕೆಂಡಿಗೆ ತಡೆಯುತ್ತದೆ ಅಂದುಕೊಂಡಿದ್ದ. ಮುಚ್ಚಳಕ್ಕೆ ನಾಲ್ಕು ಸ್ಕ್ರೂ, ಸೆಲ್ ತಕ್ಷಣ ಹೊರಗೆ ತೆಗೆಯುವ ದಾರಿಯೇ ಇಲ್ಲ. ಅವನು ಮಾಡಿದ್ದು ಸರಿಯಾದ ಕೆಲಸವೇ, ಪೆಟ್ಟಿಗೆಯನ್ನು ಬಲಗೈಯಲ್ಲಿ ಬಿಗಿಯಾಗಿ ಹಿಡಿದು ಎಡಗೈಯಲ್ಲಿ ಮೇಲಿನ ಟ್ಯಾಂಕ್ (ಕಾಯಿಲ್ ಇರುವ ಭಾಗ) ತಿರುಗಿಸಿ ಕಳಚಲು ಹೋದ, ಯಾಕೆಂದರೆ ಟ್ಯಾಂಕ್ ಬಿಟ್ಟುಕೊಂಡರೆ ಕರೆಂಟ್ ಹರಿಯುವುದು ನಿಲ್ಲುತ್ತದೆ. ಆದರೆ ಅಷ್ಟರಲ್ಲಿ ಸೆಲ್ ಕೈಮೀರಿತ್ತು. ಮೊದಲು ಸುಯ್ ಅನ್ನುವ ಸಣ್ಣ ಸದ್ದು. ಉಗುರು ಬಣ್ಣ ತೆಗೆಯುವ ದ್ರಾವಣದ ಹಾಗೆ ಸಿಹಿ ಸಿಹಿ ವಾಸನೆ. ಆಮೇಲೆ ಪೆಟ್ಟಿಗೆಯ ಬೆನ್ನು ಅವನ ಅಂಗೈಯೊಳಗೇ ಒಡೆಯಿತು. ಗಾಳಿ ಹೊರಗೆ ಹೋಗಲಿ ಅಂತ ತಳದಲ್ಲಿ ತೂತುಗಳೇನೋ ಇದ್ದವು, ಚಂದ ಕಾಣಲಿ ಅಂತ ಅಂಟಿಸಿದ ವಿನೈಲ್ ಅವನ್ನು ಮುಚ್ಚಿಬಿಟ್ಟಿತ್ತು.

ಬಿದ್ದದ್ದು ಹಾಸಿಗೆ ಮೇಲೆ. ಕಂಬಳಿ ಮುಚ್ಚಿದರೆ ಆರಿದಂತೆ ಕಂಡು ಮತ್ತೆ ಭಗ್ ಅಂತು. ಈ ಸೆಲ್ ಒಳಗಿನ ವಸ್ತುವೇ ಬಿಸಿಯಾದಾಗ ಆಮ್ಲಜನಕ ಬಿಡುತ್ತದೆ, ಹಾಗಾಗಿ ಗಾಳಿ ತಪ್ಪಿಸಿದರೆ ಸಾಲದು, ತಣ್ಣಗಾಗಬೇಕು. ಬಕೆಟ್ ನೀರು ಸುರಿದ ಮೇಲೇ ನಿಂತಿತು. ಆ ಹೊಗೆ ಕುಡಿಯಬೇಡಿ, ಅದರಲ್ಲಿ ಹೈಡ್ರೋಜನ್ ಫ್ಲೋರೈಡ್ ಇರುತ್ತದೆ. ಆಸ್ಪತ್ರೆಯಲ್ಲಿ "ಸುಟ್ಟಿದೆ" ಅಂತಷ್ಟೇ ಹೇಳಬೇಡಿ, ಲಿಥಿಯಂ ಬ್ಯಾಟರಿ ಸಿಡಿದದ್ದು ಅಂತ ಬಾಯಿ ಬಿಟ್ಟು ಹೇಳಿ. ಅದರ ರಾಸಾಯನಿಕವೂ ಚರ್ಮ ಸುಡುತ್ತದೆ, ಅದನ್ನು ಬೇರೆಯಾಗಿ ನೋಡಬೇಕಾಗುತ್ತದೆ.

ಜೋಡಿಯಾಗಿ ಕೊಂಡಿದ್ದ ಇನ್ನೊಂದು ಸೆಲ್ ಉಳಿದಿತ್ತಲ್ಲ, ಅದರ ಹೊದಿಕೆ ಬಿಡಿಸಿ ನೋಡಿದೆವು. ನೆಗೆಟಿವ್ ತಳದಲ್ಲಿ ಸಣ್ಣ ಸಣ್ಣ ಚುಕ್ಕೆ ಗುಳಿಗಳು, ಜೋಡಿ ಜೋಡಿಯಾಗಿ. ಸುತ್ತ ಅರದಿಂದ ಉಜ್ಜಿದ ಗೆರೆಗಳು. ಪ್ಯಾಕ್ ಮಾಡುವಾಗ ಸೆಲ್‌ಗೆ ನಿಕಲ್ ಪಟ್ಟಿ ಬೆಸೆಯುತ್ತಾರೆ, ಅದನ್ನು ಕಿತ್ತರೆ ಉಳಿಯುವ ಗುರುತು ಅದು. ಅಂದರೆ ಯಾವುದೋ ಹಳೆಯ ಲ್ಯಾಪ್‌ಟಾಪ್ ಬ್ಯಾಟರಿಯಂಥ ಪ್ಯಾಕ್ ಬಿಚ್ಚಿ ತೆಗೆದ ಸೆಲ್‌ಗೆ ಹೊಸ ಬಣ್ಣದ ಪ್ಲಾಸ್ಟಿಕ್ ಹಾಕಿ 40 ಆಂಪ್ ಅಂತ ಬರೆದಿದ್ದಾರೆ. ಲ್ಯಾಪ್‌ಟಾಪ್ ಸೆಲ್‌ನಿಂದ ನಾಲ್ಕೈದು ಆಂಪ್ ಎಳೆದರೇ ಜಾಸ್ತಿ. ಮಾರಿದವನನ್ನು ಕೇಳಿದರೆ "ನಮಗೂ ಹಾಗೇ ಬಂದಿದ್ದು ಸರ್, ನಾವೇನು ಮಾಡೋದು" ಅಂದ. ನನಗೆ ಇವತ್ತಿಗೂ ಸಿಟ್ಟು ಇಳಿದಿಲ್ಲ.

ಮಲ್ಟಿಮೀಟರ್‌ನಲ್ಲಿ ಇದು ಗೊತ್ತಾಗುವುದಿಲ್ಲ. ಕಳ್ಳ ಸೆಲ್ ಕೂಡ 4.2 ವೋಲ್ಟ್ ಚೆನ್ನಾಗೇ ತೋರಿಸುತ್ತದೆ. ಹೊರಗಿನಿಂದ ಒಳ್ಳೆಯದು ಯಾವುದು ಕೆಟ್ಟದ್ದು ಯಾವುದು ಅಂತ ನಮ್ಮಂಥವರು ಹೇಳುವುದು ಕಷ್ಟ. ಅದಕ್ಕೇ ಬೋರ್ಡ್ ಕೀಳಬೇಡಿ ಅನ್ನುವುದು. ಶಾರ್ಟ್ ಆದರೆ, ಓಮ್ ತೀರಾ ಕಡಿಮೆ ಇದ್ದರೆ, ಸೆಲ್ ವೋಲ್ಟೇಜ್ ಕುಸಿದರೆ ತಾನೇ ಬಂದ್ ಮಾಡುವುದು ಆ ಬೋರ್ಡೇ. ಮೆಕ್ ಮಾಡ್, ಅಂದರೆ ಬೋರ್ಡ್ ಇಲ್ಲದೇ ಬರುವ ವೇಪ್‌ನಲ್ಲೂ ಅದು ಇರುವುದಿಲ್ಲ.

ಸೆಲ್ ಅಸಲಿಯಾದರೂ ಹೊದಿಕೆ ನೋಡಿ. 18650ರ ಡಬ್ಬಿ ಪೂರ್ತಿ ನೆಗೆಟಿವ್, ಪಾಸಿಟಿವ್ ಗುಂಡಿಯ ಸುತ್ತಲಿನ ಅಂಚು ಕೂಡ. ನಡುವೆ ಇರುವುದು ತೆಳು ಪ್ಲಾಸ್ಟಿಕ್, ಒಂದು ಕಾಗದದ ಉಂಗುರ, ಅಷ್ಟೇ. ಅಲ್ಲಿ ಕೂದಲೆಳೆಯಷ್ಟು ಹರಿದಿದ್ದರೂ ಬಳಸಬೇಡಿ. ಬಿಡಿ ಸೆಲ್ ಜೇಬಿನಲ್ಲಿ ನಾಣ್ಯ, ಬೀಗದ ಕೈ ಜೊತೆ ಹಾಕಿಕೊಂಡು ತೊಡೆ ಸುಟ್ಟುಕೊಂಡವರು ಎಷ್ಟೋ ಜನ. 2018ರಲ್ಲಿ ಫ್ಲೋರಿಡಾದಲ್ಲಿ ಒಬ್ಬರು ವೇಪ್ ಸಿಡಿದು ಚೂರುಗಳು ತಲೆಗೆ ಹೊಕ್ಕು ಸತ್ತರು. 2019ರಲ್ಲಿ ಟೆಕ್ಸಾಸ್‌ನಲ್ಲಿ ಒಬ್ಬ ಯುವಕನ ಕುತ್ತಿಗೆಯ ರಕ್ತನಾಳ ತುಂಡಾಯಿತು, ಅವನೂ ಉಳಿಯಲಿಲ್ಲ. 2021ರಲ್ಲಿ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಬಿಡಿ 18650 ಸೆಲ್ ಕೊಳ್ಳಲೂ ಬೇಡಿ, ಬಳಸಲೂ ಬೇಡಿ ಅಂತಲೇ ಹೇಳಿತು. ಅವು ಪ್ಯಾಕ್ ಒಳಗೆ, ರಕ್ಷಣೆಯ ಸರ್ಕ್ಯೂಟ್ ಜೊತೆ ಕೂರಲು ಮಾಡಿದವು.

ಮನೆಯಲ್ಲಿ ಇಂಥ ಬಿಡಿ ಸೆಲ್ ಬಿದ್ದಿದ್ದರೆ ಎರಡೂ ತುದಿಗೆ ಇನ್ಸುಲೇಷನ್ ಟೇಪ್ ಅಂಟಿಸಿ, ಒಂದೊಂದನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಇ-ಕಸ ತೆಗೆದುಕೊಳ್ಳುವವರಿಗೆ ಕೊಡಿ. ಕಸದ ಬುಟ್ಟಿಗೆ ಹಾಕಬೇಡಿ, ಕಸದ ಗಾಡಿಯಲ್ಲಿ ಅದು ಜಜ್ಜಿಹೋದರೆ ಅಲ್ಲೂ ಬೆಂಕಿ ಹತ್ತುತ್ತದೆ.