‘ಹೊಸ ಶಟರ್ ಹಾಕಿದೀವಿ ಮೇಡಂ’: ಹಳೇ ಇಓಎಸ್ ಇರುವವರು ದಯವಿಟ್ಟು ಓದಿ

ಹಳೇ ಆಟೋಫೋಕಸ್ ಫಿಲ್ಮ್ ಕ್ಯಾಮೆರಾ ಇರುವವರು, ಅದರಲ್ಲೂ ಕ್ಯಾನನ್ ಇಓಎಸ್ 650, 620, 600 ಇಟ್ಟುಕೊಂಡವರು, ರಿಪೇರಿಗೆ ಕೊಡುವ ಮುಂಚೆ ಇದನ್ನು ಓದಿ. ಬೆಂಗಳೂರಿನ ಒಂದು ಅಂಗಡಿ ನನಗೆ 6,500 ರೂಪಾಯಿ ಟೋಪಿ ಹಾಕಿದೆ. ದುಡ್ಡು ಹೋದದ್ದಕ್ಕಿಂತ ಅವರು ಮಾತಾಡಿದ ರೀತಿಗೆ ಜಾಸ್ತಿ ಉರಿಯುತ್ತಿದೆ. ದೂರು ಕೊಟ್ಟಿದ್ದೇನೆ, ಅದು ಮುಗಿಯುವ ತನಕ ಹೆಸರು ಹಾಕಲ್ಲ. ಕೇಳಬೇಡಿ.

ನನ್ನದು 650. 1987ರಲ್ಲಿ ಬಂದ ಮೊದಲ ಇಓಎಸ್. ಸೋದರಮಾವ ಮಸ್ಕತ್‌ನಲ್ಲಿದ್ದಾಗ ಕೊಂಡದ್ದು, ಆಮೇಲೆ ಉಡುಪಿಯ ನಮ್ಮ ಮನೆ ಸೇರಿತು. 2ಸಿಆರ್5 ಬ್ಯಾಟರಿ ಹಾಕಿದರೆ ಸಾಕು, ಇವತ್ತಿಗೂ ಫೋಕಸ್ ಟಕ್ ಅಂತ ಹಿಡಿಯುತ್ತದೆ. ತೊಂದರೆ ಇದ್ದದ್ದು ಫಿಲ್ಮ್ ಮುಂದೆ ತೆರೆದು ಮುಚ್ಚುವ ಬ್ಲೇಡ್‌ಗಳ ಪರದೆ, ಅಂದರೆ ಶಟರ್‌ನಲ್ಲಿ ಮಾತ್ರ. ಆ ಕಾಲದ ಇಓಎಸ್‌ಗಳಿಗೆ ವಯಸ್ಸಾದ ಮೇಲೆ ಬರುವ ಕಾಯಿಲೆ ಇದು, ಈ ಕ್ಯಾಮೆರಾ ಬಳಸುವವರಿಗೆಲ್ಲ ಗೊತ್ತು. ಬ್ಲೇಡ್‌ಗಳು ಓಡಿ ಬಂದು ನಿಲ್ಲುವ ಕಡೆ ಪೆಟ್ಟು ತಡೆಯಲು ಒಂದು ಮೆತ್ತನೆ ತುಂಡು ಇರುತ್ತದೆ. ವರ್ಷಗಳು ಕಳೆದಂತೆ ಅದು ಕರಗಿ ಡಾಂಬರಿನಂತಾಗುತ್ತದೆ. ಆ ಅಂಟು ಬ್ಲೇಡ್ ಮೇಲೆ ಹರಡಿದರೆ ಮುಗೀತು. ತೆರೆಯಬೇಕಾದ ಹೊತ್ತಿಗೆ ಶಟರ್ ತೆರೆಯಲ್ಲ. ಕ್ಲಿಕ್ ಸದ್ದು ಬರುತ್ತದೆ, ಫಿಲ್ಮ್ ಮುಂದಕ್ಕೆ ಹೋಗುತ್ತದೆ, ಎಲ್ಲ ಸರಿ ಇದೆ ಅನಿಸುತ್ತದೆ. ಫಿಲ್ಮ್ ತೊಳೆಸಿದ ಮೇಲೆ ಫೋಟೋ ನೋಡಿದರೆ ಫ್ರೇಮ್ ಕಪ್ಪು, ಇಲ್ಲವೇ ಅರ್ಧ ಕಪ್ಪು.

ಸ್ಪಿರಿಟ್ ಹಾಕಿ ಬ್ಲೇಡ್ ಒರೆಸಿದರೆ ಸ್ವಲ್ಪ ದಿನ ನಡೆಯುತ್ತದೆ. ಒಳಗಿನ ತುಂಡು ಹಾಗೇ ಇರುವುದರಿಂದ ಮತ್ತೆ ಅಂಟು ಇಳಿಯುತ್ತದೆ. ಸರಿಯಾಗಬೇಕಾದರೆ ಶಟರ್ ಬಿಚ್ಚಿ ಆ ತುಂಡನ್ನು ತೆಗೆಯಬೇಕು, ಇಲ್ಲವೇ ಬೇರೆ ಶಟರ್ ಹಾಕಬೇಕು. ಇಷ್ಟನ್ನೂ ಅಂಗಡಿಯಲ್ಲಿ ಬಿಡಿಸಿ ಹೇಳಿದ್ದೆ. "ಬರೀ ಒರೆಸಿ ಕೊಡಬೇಡಿ" ಅಂತಲೇ ಹೇಳಿದ್ದೆ.

"ಅಯ್ಯೋ ಮೇಡಂ, ಒರೆಸೋ ಕೆಲಸ ನಾವು ಮಾಡಲ್ಲ. ಜಪಾನ್‌ನಿಂದ ಹೊಸಾ ಶಟರ್ ತರಿಸಿ ಹಾಕ್ತೀವಿ."

1987ರ ಕ್ಯಾಮೆರಾಗೆ ಜಪಾನ್‌ನಿಂದ ಹೊಸ ಶಟರ್! ಈಗ ಸಿಗುವುದೆಲ್ಲ ಕೆಟ್ಟುಹೋದ ಇನ್ನೊಂದು ಕ್ಯಾಮೆರಾದಿಂದ ಬಿಚ್ಚಿದ ಪಾರ್ಟ್. ಅದನ್ನೇ ಹೇಳಿದ್ದರೆ ನನಗೇನೂ ಬೇಜಾರಿರಲಿಲ್ಲ.

ವಾಪಸ್ ತರಲು ಹೋದಾಗ ನಡೆದದ್ದನ್ನು ಗಮನಿಸಿ, ಏಕೆಂದರೆ ಆಟ ಇರುವುದು ಇಲ್ಲೇ. ನಾನು ಒಳಗೆ ಹೋಗುವಾಗಲೇ ಅಂಗಡಿಯಾತ ಕ್ಯಾಮೆರಾ ಕೈಯಲ್ಲಿ ಹಿಡಿದು ಪಟಪಟ ಒತ್ತುತ್ತಿದ್ದ. ಹಿಂದಿನ ಬಾಗಿಲು ತೆಗೆದು ಟ್ಯೂಬ್‌ಲೈಟ್ ಕಡೆ ಹಿಡಿದು, ಶಟರ್ ವೇಗವನ್ನು 2000ಕ್ಕೆ (ಸೆಕೆಂಡಿನ ಎರಡು ಸಾವಿರದಲ್ಲೊಂದು ಭಾಗ) ಇಟ್ಟು ತೋರಿಸಿದ. ಪ್ರತಿ ಕ್ಲಿಕ್‌ಗೂ ಬೆಳಕು ಮಿಂಚಿತು. "ನೋಡಿ ಮೇಡಂ, ಬೆಣ್ಣೆ!" ಸತತವಾಗಿ ಒತ್ತುತ್ತಾ ಇದ್ದರೆ ಅಂಟಿದ ಬ್ಲೇಡೂ ಬಿಟ್ಟುಕೊಂಡು ಓಡುತ್ತದೆ ಸ್ವಾಮಿ! ಅಂಟು ಗೊತ್ತಾಗುವುದು ರಾತ್ರಿಯಿಡೀ ಸುಮ್ನೆ ಇಟ್ಟು ಬೆಳಗ್ಗೆ ಒತ್ತುವ ಮೊದಲ ಕ್ಲಿಕ್‌ನಲ್ಲಿ. ಅದು ಆತನಿಗೆ ಗೊತ್ತಿಲ್ಲದೆ ಇರುತ್ತಾ? ಚೆನ್ನಾಗಿ ಗೊತ್ತು.

ಅಣ್ಣನ ಮಗಳ ನಾಮಕರಣಕ್ಕೆ ಅದರಲ್ಲೇ ಒಂದು ರೋಲ್ ಪೂರ್ತಿ ತೆಗೆದೆ. ಈಗ ಕಲರ್ ರೋಲ್ ಬೆಲೆ ಎಷ್ಟಾಗಿದೆ ನಿಮಗೇ ಗೊತ್ತು. ಲ್ಯಾಬ್‌ನಿಂದ ಸ್ಕ್ಯಾನ್ ಬಂತು. ತೊಟ್ಟಿಲಿಗೆ ಹಾಕಿದ್ದು ಕಪ್ಪು. ಹೆಸರು ಕೂಗಿದ್ದು ಕಪ್ಪು. ಅಜ್ಜಿ ಮಗುವನ್ನು ಎತ್ತಿಕೊಂಡದ್ದರಲ್ಲಿ ಅರ್ಧ ಫ್ರೇಮ್ ಇದೆ, ಮಗು ಇಲ್ಲ. ಅತ್ತಿಗೆ ಇನ್ನೂ ಕೇಳುತ್ತಲೇ ಇದ್ದಾರೆ, "ಫೋಟೋ ಬಂತಾ?" ಅಂತ. ಏನು ಹೇಳಲಿ?

ಅಂಗಡಿಗೆ ವಾಟ್ಸಾಪ್ ಮಾಡಿದೆ. ಮೊದಲ ಉತ್ತರ: "ಫಿಲ್ಮ್ ಡೇಟ್ ಆಗಿರಬೇಕು." ಡೇಟ್ ಆಗಿರಲಿಲ್ಲ, ಡಬ್ಬಿಯ ಫೋಟೋ ಕಳಿಸಿದೆ. "ಹಾಗಾದ್ರೆ ಲ್ಯಾಬ್‌ನವರು ಹಾಳು ಮಾಡಿದಾರೆ." ಲ್ಯಾಬ್ ಹಾಳು ಮಾಡಿದ್ದರೆ ನೆಗೆಟಿವ್ ಅಂಚಿನಲ್ಲಿರುವ ಫಿಲ್ಮ್ ಹೆಸರು, ನಂಬರ್ ಕೂಡ ಮಸುಕಾಗಿರಬೇಕಲ್ವಾ? ಅವು ಕಾರ್ಖಾನೆಯಲ್ಲೇ ಮೂಡಿಸಿದ್ದು, ತೊಳೆದಾಗ ಕಾಣಿಸಿಕೊಳ್ಳುತ್ತವೆ. ನನ್ನ ನೆಗೆಟಿವ್‌ನಲ್ಲಿ ಅಂಚಿನ ಅಕ್ಷರ ಸ್ಪಷ್ಟವಾಗಿದೆ, ಒಳಗೆ ಮಾತ್ರ ಖಾಲಿ ಕಿತ್ತಳೆ ಬಣ್ಣ, ಅಂದರೆ ಅಲ್ಲಿ ಬೆಳಕೇ ಬಿದ್ದಿಲ್ಲ; ಸ್ಕ್ಯಾನ್‌ನಲ್ಲಿ ಕಪ್ಪಾಗಿ ಕಾಣುವುದು ಅದೇ. ಅದರ ಫೋಟೋನೂ ಕಳಿಸಿದೆ. ಅದಕ್ಕೆ ಬಂದ ಉತ್ತರ ಇದು: "ಮೇಡಂ ಇದೆಲ್ಲ ಟೆಕ್ನಿಕಲ್, ನಿಮಗೆ ಅರ್ಥ ಆಗಲ್ಲ. ಮನೇಲಿ ಸರ್ ಇದ್ರೆ ಫೋನ್ ಕೊಡಿ."

ಮನೇಲಿ ಸರ್ ಇದ್ರೆ!

ಆ ಸಿಟ್ಟಿನಲ್ಲೇ ಹಿಂದಿನ ಬಾಗಿಲು ತೆಗೆದು ಶಟರ್ ನೋಡಿದೆ. ರಿಪೇರಿಗೆ ಕೊಡುವ ಮುಂಚೆ ಬ್ಲೇಡ್‌ನ ಫೋಟೋ ಫೋನ್‌ನಲ್ಲಿ ತೆಗೆದಿಟ್ಟಿದ್ದೆ. ಎರಡನ್ನೂ ಪಕ್ಕಪಕ್ಕ ಇಟ್ಟೆ. ಬ್ಲೇಡ್ ಮೇಲೆ ಒಂದು ಓರೆ ಗೀರು ಇತ್ತು. ಅದೇ ಗೀರು, ಅದೇ ಜಾಗ. ಮೂಲೆಯಲ್ಲಿ ಹತ್ತಿಯ ಎಳೆ ಬೇರೆ ಸಿಕ್ಕಿಕೊಂಡಿತ್ತು, ಒರೆಸಿದ ಇಯರ್‌ಬಡ್‌ನದ್ದು. ಹೊಸ ಶಟರ್ ಅಂತೆ, ಜಪಾನ್ ಅಂತೆ. ಒರೆಸಲೇಬೇಡಿ ಅಂದದ್ದನ್ನೇ ಮಾಡಿ 6,500 ಎಣಿಸಿಕೊಂಡಿದ್ದಾರೆ.

ಎರಡು ಫೋಟೋ ಒಟ್ಟಿಗೆ ಕಳಿಸಿದೆ. ನೀಲಿ ಟಿಕ್ ಬಂತು, ಉತ್ತರ ಇಲ್ಲ. ಬಿಲ್ ನೋಡಿದರೆ ಚೀಟಿಯಲ್ಲಿ "ಸರ್ವಿಸ್" ಅಂತ ಒಂದೇ ಪದ.

ಹಾಗಾಗಿ ಕೊಡುವ ಮುಂಚೆ ಬಾಗಿಲು ತೆಗೆದು ಬ್ಲೇಡ್ ಫೋಟೋ ತೆಗೆದುಕೊಳ್ಳಿ. ಬೆರಳು ಮಾತ್ರ ತಾಗಿಸಬೇಡಿ, ಬ್ಲೇಡ್ ತುಂಬಾ ತೆಳು. ಪಾರ್ಟ್ ಬದಲಾಯಿಸಿದ್ದೇವೆ ಅಂದರೆ ಹಳೇ ಪಾರ್ಟ್ ಕೈಗೆ ಕೊಡಿ ಅನ್ನಿ, ಬಿಲ್‌ನಲ್ಲಿ ಪಾರ್ಟ್ ಹೆಸರು ಬರೆಸಿ. ಅಂಗಡಿಯಲ್ಲಿ ಪಟಪಟ ಒತ್ತಿ ತೋರಿಸಿದ್ದನ್ನು ನಂಬಲೇಬೇಡಿ. ಮನೆಗೆ ತಂದು ಒಂದು ರಾತ್ರಿ ಇಟ್ಟು, ಬೆಳಗ್ಗೆ ಬಾಗಿಲು ತೆಗೆದು ಮೊದಲ ಕ್ಲಿಕ್ ನೋಡಿ, ಆಮೇಲೆ ಫಿಲ್ಮ್ ಹಾಕಿ. "ಜಪಾನ್" ಅಂದ ತಕ್ಷಣ ಎದ್ದು ಬನ್ನಿ.

ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ದಾಖಲಿಸಿದ ಮೇಲೆ ಅಂಗಡಿಯಿಂದ ಒಂದು ಮೆಸೇಜ್ ಬಂತು: "ಮೇಡಂ, ಸುಮ್ನೆ ಯಾಕೆ ಗಲಾಟೆ? ಬಾಡಿ ನಮಗೇ ಕೊಟ್ಬಿಡಿ, ಪಾರ್ಟ್ಸ್‌ಗೆ ಆಗುತ್ತೆ, 500 ಕೊಡ್ತೀವಿ." ಅದರ ಸ್ಕ್ರೀನ್‌ಶಾಟನ್ನೂ ದೂರಿಗೆ ಸೇರಿಸಿದ್ದೇನೆ.