ಶೋರೂಮಿಗಿಂತ ಮೊದಲು ಸರ್ವೀಸ್ ಸೆಂಟರ್ ನೋಡಿ: ನಿಂತ ಸ್ಕೂಟರಿಗೆ ಕಂತು ಕಟ್ಟಿದವಳ ಮಾತು

ನಮ್ಮ ಮನೆಯ ಪೋರ್ಟಿಕೋದಲ್ಲಿ ಒಂದು ಎಲೆಕ್ಟ್ರಿಕ್ ಸ್ಕೂಟರ್ ನಿಂತಿದೆ. 2024ರ ಏಪ್ರಿಲ್‌ನಿಂದ ಅದು ಓಡಿಲ್ಲ. ಸಾಲದ ಕಂತನ್ನು ಮಾತ್ರ ಕೊನೆಯ ತಿಂಗಳವರೆಗೂ ತಪ್ಪದೆ ಕಟ್ಟಿದ್ದೇನೆ. ಎಲೆಕ್ಟ್ರಿಕ್ ಗಾಡಿ ಕೊಳ್ಳಲು ಹಣ ಹೊಂದಿಸುತ್ತಿರುವವರು, ಅದರಲ್ಲೂ ಬೆಂಗಳೂರಿನಿಂದ ದೂರದ ಊರುಗಳಲ್ಲಿ ಇರುವವರು, ದಯವಿಟ್ಟು ಇದನ್ನು ಓದಿದ ಮೇಲೆ ಮುಂಗಡ ಕೊಡಿ.

ನಾನು ಪ್ರೌಢಶಾಲೆಯ ಶಿಕ್ಷಕಿ. ಮನೆ ದಾವಣಗೆರೆಯಲ್ಲಿ, ಶಾಲೆ ಹರಿಹರದಿಂದ ನಾಲ್ಕು ಕಿಲೋಮೀಟರ್ ಒಳಗೆ. ದಿನಕ್ಕೆ ಹೋಗಿಬರಲು 36 ಕಿಲೋಮೀಟರ್. ಪೆಟ್ರೋಲ್ ಬೆಲೆ ನೂರು ದಾಟಿದ ಮೇಲೆ ತಿಂಗಳಿಗೆ ಎರಡು ಸಾವಿರ ರೂಪಾಯಿ ಬರೀ ಇಂಧನಕ್ಕೆ ಹೋಗುತ್ತಿತ್ತು. 2022ರ ಆಯುಧ ಪೂಜೆಗೆ ನಮ್ಮೂರಿನ ಮಳಿಗೆಯೊಂದು ಹನ್ನೆರಡು ಸಾವಿರ ರೂಪಾಯಿ ರಿಯಾಯಿತಿಯ ಫಲಕ ಹಾಕಿದಾಗ ನಾನೂ ನಮ್ಮವರೂ ಹೋಗಿ ನೋಡಿದೆವು.

ಭಯವಿರಲಿಲ್ಲ ಎಂದಲ್ಲ. ಅದಕ್ಕೆ ಮೂರು ವಾರ ಮೊದಲಷ್ಟೇ ಸಿಕಂದರಾಬಾದಿನ ಹೋಟೆಲ್ ಕಟ್ಟಡವೊಂದರ ಕೆಳಗಿದ್ದ ಎಲೆಕ್ಟ್ರಿಕ್ ಸ್ಕೂಟರ್ ಶೋರೂಮಿಗೆ ಬೆಂಕಿ ಬಿದ್ದು ಎಂಟು ಜನ ಪ್ರಾಣ ಕಳೆದುಕೊಂಡಿದ್ದರು. ಅದನ್ನೇ ಕೇಳಿದೆ. ಮಾರಾಟದ ಹುಡುಗ ನಗುತ್ತಾ, "ಮೇಡಂ, ನಮ್ಮ ಬ್ಯಾಟರಿಯೇ ಬೇರೆ. ಮೂರು ವರ್ಷ ವಾರಂಟಿ ಇದೆ, ನೀವು ಚಿಂತೆಯನ್ನೇ ಮಾಡಬೇಡಿ" ಎಂದ. ಬೇರೆ ಎಂದರೆ ಏನು ಬೇರೆ ಎಂದು ಕೇಳುವಷ್ಟು ನನಗೆ ಆಗ ತಿಳಿದಿರಲಿಲ್ಲ.

ಆ ರಿಯಾಯಿತಿಯ ಒಳಗುಟ್ಟು ನನಗೆ ಅರ್ಥವಾದದ್ದು ಬಹಳ ತಡವಾಗಿ. ಆ ವರ್ಷದ ಬೇಸಿಗೆಯಲ್ಲಿ ದೇಶದ ಹಲವೆಡೆ ಸ್ಕೂಟರುಗಳು ಹೊತ್ತಿ ಉರಿದ ಮೇಲೆ ಕೇಂದ್ರ ಸರ್ಕಾರ ಬ್ಯಾಟರಿಯ ಸುರಕ್ಷತಾ ಮಾನದಂಡವನ್ನು ಬಿಗಿಗೊಳಿಸಿತ್ತು. ಎಐಎಸ್-156 ಎಂದು ಅದರ ಹೆಸರು. ಸೆಲ್‌ಗಳನ್ನು ಜೋಡಿಸಿದ ಬ್ಯಾಟರಿ ಪ್ಯಾಕಿನೊಳಗೆ ನೀರು ಇಳಿಯಬಾರದು, ಒಂದು ಸೆಲ್ ಕೆಟ್ಟು ಕಾದರೆ ಬೆಂಕಿ ಇಡೀ ಪ್ಯಾಕಿಗೆ ಹಬ್ಬಬಾರದು, ಹೀಗೆ ಹಲವು ಷರತ್ತುಗಳು. ಮೊದಲ ಹಂತ ಜಾರಿಗೆ ಬಂದದ್ದು 2022ರ ಡಿಸೆಂಬರ್ 1ಕ್ಕೆ, ಎರಡನೆಯದು 2023ರ ಮಾರ್ಚ್ 31ಕ್ಕೆ. ನಾನು ಕೊಂಡದ್ದು ಅಕ್ಟೋಬರಿನಲ್ಲಿ. ನನಗೆ ಹಬ್ಬದ ಕೊಡುಗೆ ಎಂದು ಸಿಕ್ಕದ್ದು ಹಳೆಯ ಮಾನದಂಡದ ದಾಸ್ತಾನು.

ಮೊದಲ ವರ್ಷ ಸಂತೋಷವಾಗಿಯೇ ಓಡಿಸಿದೆ, ಅದನ್ನು ಮುಚ್ಚಿಡುವುದಿಲ್ಲ. ಎರಡು ಯೂನಿಟ್ ವಿದ್ಯುತ್ತಿಗೆ ನನ್ನ ಒಂದೂವರೆ ದಿನದ ಓಡಾಟ ಮುಗಿಯುತ್ತಿತ್ತು. ಒಮ್ಮೆ ಚಾರ್ಜ್ ಮಾಡಿದರೆ ನೂರು ಕಿಲೋಮೀಟರ್ ಎಂದು ಶೋರೂಮಿನಲ್ಲಿ ಹೇಳಿದ್ದರು, ಸಿಕ್ಕದ್ದು ಅರವತ್ತು. ಪ್ರಮಾಣಪತ್ರದಲ್ಲಿರುವ ದೂರವನ್ನು ಪ್ರಯೋಗಾಲಯದಲ್ಲಿ, ರೋಲರ್ ಮೇಲೆ ಗಾಡಿ ಓಡಿಸಿ ಅಳೆಯುತ್ತಾರೆ. ಅಲ್ಲಿ ಎದುರುಗಾಳಿ ಇಲ್ಲ, ಹಿಂದೆ ಕೂರುವ ಮಗಳಿಲ್ಲ, ಹೆದ್ದಾರಿಯ ವೇಗವಿಲ್ಲ. ನನ್ನ ಓಡಾಟಕ್ಕೆ ಅರವತ್ತೇ ಸಾಕಿತ್ತು, ಹಾಗಾಗಿ ಸುಮ್ಮನಿದ್ದೆ. ಸುಮ್ಮನಿರಬಾರದಿತ್ತು. ಅರವತ್ತು ಐವತ್ತಾಯಿತು, 2024ರ ಯುಗಾದಿಯ ಹೊತ್ತಿಗೆ ಮೂವತ್ತೆಂಟಕ್ಕೆ ಇಳಿಯಿತು. ಶಾಲೆಯಿಂದ ಮನೆ ಮುಟ್ಟುವಾಗ ಪರದೆಯ ಮೇಲಿನ ಅಂಕಿಯನ್ನೇ ನೋಡಿಕೊಂಡು ಬರುತ್ತಿದ್ದೆ. ಏಪ್ರಿಲ್‌ನ ಒಂದು ಮಧ್ಯಾಹ್ನ, ನಲವತ್ತರ ಆಸುಪಾಸಿನ ಬಿಸಿಲಿನಲ್ಲಿ, ಶೇಕಡಾ 31 ಚಾರ್ಜ್ ತೋರಿಸುತ್ತಿದ್ದ ಗಾಡಿ ಹರಿಹರದ ರಸ್ತೆಯಲ್ಲಿ ಇದ್ದಕ್ಕಿದ್ದಂತೆ ನಿಂತಿತು. ಹಿಂದೆ ಲಾರಿ ಬರುತ್ತಿತ್ತು. ಆ ಚಾಲಕ ಸಮಯಕ್ಕೆ ಸರಿಯಾಗಿ ಬ್ರೇಕ್ ಹಾಕಿದ್ದರಿಂದ ನಾನು ಇದನ್ನು ಬರೆಯುತ್ತಿದ್ದೇನೆ.

ಮಳಿಗೆಗೆ ಹೋದರೆ ಅಲ್ಲಿ ಹಾಸಿಗೆ ಅಂಗಡಿ ತೆರೆದಿತ್ತು.

ಕಂಪನಿಯ ಸಹಾಯವಾಣಿಯವರು ಹುಬ್ಬಳ್ಳಿಯ ಸರ್ವೀಸ್ ಸೆಂಟರ್ ತೋರಿಸಿದರು. ಸರಕು ಗಾಡಿಗೆ 4,500 ರೂಪಾಯಿ ಕೊಟ್ಟು ಸ್ಕೂಟರನ್ನು ಅಲ್ಲಿಗೆ ಸಾಗಿಸಿದೆವು. ಮೂರು ವಾರವಾದ ಮೇಲೆ ತಂತ್ರಜ್ಞ ನಿಜ ಹೇಳಿದ. ಆ ಒಂದು ವಿಷಯಕ್ಕೆ ಅವನಿಗೆ ನಾನು ಋಣಿ. ಪ್ಯಾಕಿನಲ್ಲಿರುವ ಸೆಲ್‌ಗಳ ಒಂದು ಗುಂಪು ಸೋತಿದೆ. ಬಿಎಂಎಸ್, ಅಂದರೆ ಸೆಲ್‌ಗಳನ್ನು ಕಾಯುವ ಎಲೆಕ್ಟ್ರಾನಿಕ್ ಫಲಕ, ಅದನ್ನು ಗುರುತಿಸಿ ಇಡೀ ಪ್ಯಾಕನ್ನೇ ಕಡಿತಗೊಳಿಸಿದೆ. ಹಳೆಯ ಪ್ಯಾಕಿನ ತಯಾರಿ ನಿಂತಿದೆ. ಹೊಸ ಮಾನದಂಡದ ಪ್ಯಾಕಿನ ಅಳತೆಯೂ ಬೇರೆ, ಕನೆಕ್ಟರ್ ಕೂಡ ಬೇರೆ, ನನ್ನ ಗಾಡಿಗೆ ಅದು ಕೂರುವುದಿಲ್ಲ. ವಾರಂಟಿ ಕಾಗದದಲ್ಲಿ ಇನ್ನೂ ಒಂದೂವರೆ ವರ್ಷ ಬಾಕಿಯಿತ್ತು. ಕೊಡಲು ಅವರ ಬಳಿ ವಸ್ತುವೇ ಇರಲಿಲ್ಲ. ಗಾಡಿಯನ್ನು ಮತ್ತೆ ಬಾಡಿಗೆ ಕೊಟ್ಟು ಮನೆಗೆ ತಂದೆವು. ಆರು ತಿಂಗಳ ನಂತರ ಆ ಕೇಂದ್ರದ ಫೋನೂ ನಿಂತುಹೋಯಿತು.

ಇದು ನನ್ನೊಬ್ಬಳ ದುರದೃಷ್ಟ ಎಂದುಕೊಳ್ಳಬೇಡಿ. ಎಲೆಕ್ಟ್ರಿಕ್ ಗಾಡಿಗಳಿಗೆ ಕೇಂದ್ರ ಸರ್ಕಾರ ಸಹಾಯಧನ ಕೊಡುತ್ತಿದ್ದ ಫೇಮ್-2 ಯೋಜನೆಯಲ್ಲಿ ಬ್ಯಾಟರಿ ಸಾಮರ್ಥ್ಯದ ಪ್ರತಿ ಕಿಲೋವ್ಯಾಟ್ ಅವರ್‌ಗೆ 15,000 ರೂಪಾಯಿ, ಗಾಡಿಯ ಕಾರ್ಖಾನೆ ಬೆಲೆಯ ಶೇಕಡಾ 40ರವರೆಗೆ ಸಹಾಯಧನ ಸಿಗುತ್ತಿತ್ತು. ಆ ಹಣವನ್ನೇ ನಂಬಿ ಎಷ್ಟೋ ಹೊಸ ಕಂಪನಿಗಳು ಹುಟ್ಟಿಕೊಂಡವು. ಬಿಡಿಭಾಗಗಳನ್ನು ಇಲ್ಲಿಯೇ ತಯಾರಿಸಬೇಕೆಂಬ ಷರತ್ತನ್ನು ಮುರಿದು ಸಹಾಯಧನ ಪಡೆದಿದ್ದೀರಿ, ಹಿಂದಿರುಗಿಸಿ ಎಂದು 2023ರಲ್ಲಿ ಸರ್ಕಾರ ಕೆಲವು ತಯಾರಕರಿಗೆ ಸೂಚಿಸಿತು. ಅದೇ ವರ್ಷದ ಜೂನ್‌ನಿಂದ ಸಹಾಯಧನ 10,000 ರೂಪಾಯಿಗೆ, ಮಿತಿ ಶೇಕಡಾ 15ಕ್ಕೆ ಇಳಿಯಿತು. 2024ರಲ್ಲಿ ಬಂದ ಪಿಎಂ ಇ-ಡ್ರೈವ್ ಯೋಜನೆಯಲ್ಲಿ ಅದು ಇನ್ನೂ ಕಡಿಮೆಯಾಯಿತು. ಸಹಾಯಧನ ಇಳಿಸಿದ್ದು ತಪ್ಪು ಎಂದು ನಾನು ಹೇಳುವುದಿಲ್ಲ. ಉದ್ಯಮ ತನ್ನ ಕಾಲ ಮೇಲೆ ತಾನು ನಿಲ್ಲಲೇಬೇಕು. ಆದರೆ ಬಾಗಿಲು ಮುಚ್ಚುವ ಕಂಪನಿ ತನ್ನ ಗ್ರಾಹಕರಿಗಾಗಿ ಇಂತಿಷ್ಟು ಬ್ಯಾಟರಿಗಳನ್ನು ತೆಗೆದಿರಿಸಬೇಕು ಎಂಬ ಷರತ್ತನ್ನು ಆ ಸಹಾಯಧನದ ಜೊತೆಗೇ ಹಾಕಬೇಕಿತ್ತು. ಅದು ನಮ್ಮೆಲ್ಲರ ತೆರಿಗೆಯ ಹಣ.

ಪೆಟ್ರೋಲ್ ಗಾಡಿ ಕೆಟ್ಟರೆ ಓಣಿಯ ಮೆಕ್ಯಾನಿಕ್ ಹೇಗೋ ಸರಿಮಾಡಿಕೊಡುತ್ತಾನೆ. ಎಲೆಕ್ಟ್ರಿಕ್ ಗಾಡಿಯ ಬೆಲೆಯಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಒಂದೇ ಪೆಟ್ಟಿಗೆಯಲ್ಲಿರುತ್ತದೆ, ಆ ಪೆಟ್ಟಿಗೆಯ ಬೀಗ ಕಂಪನಿಯ ಕೈಯಲ್ಲಿರುತ್ತದೆ. ಆದ್ದರಿಂದ ಶೋರೂಮಿಗೆ ಹೋಗುವ ಮೊದಲು ಸರ್ವೀಸ್ ಸೆಂಟರಿಗೆ ಹೋಗಿ ಒಂದು ಗಂಟೆ ಕುಳಿತುಕೊಳ್ಳಿ. ಅಲ್ಲಿಗೆ ಬಂದವರನ್ನು ಗಾಡಿ ಬಿಟ್ಟು ಎಷ್ಟು ದಿನವಾಯಿತೆಂದು ಕೇಳಿ. ನಿಮ್ಮ ಮಾದರಿಯ ಹೊಸ ಪ್ಯಾಕಿನ ಇಂದಿನ ಬೆಲೆ ಎಷ್ಟೆಂದು ಕಾಗದದ ಮೇಲೆ ಬರೆಸಿಕೊಳ್ಳಿ. ಬರೆದುಕೊಡಲು ಹಿಂಜರಿದರೆ ಎದ್ದು ಬನ್ನಿ. ಗಾಡಿ ತಯಾರಾದ ತಿಂಗಳು ನೋಡಿ, ಬ್ಯಾಟರಿಯ ಸಂಖ್ಯೆ ಬಿಲ್ಲಿನಲ್ಲಿ ಇರಲಿ. ಸಾಧ್ಯವಿದ್ದರೆ ಎಲ್‌ಎಫ್‌ಪಿ, ಅಂದರೆ ಲಿಥಿಯಂ ಐರನ್ ಫಾಸ್ಫೇಟ್ ಸೆಲ್‌ಗಳ ಪ್ಯಾಕ್ ಕೇಳಿ. ತೂಕ ಸ್ವಲ್ಪ ಹೆಚ್ಚು, ಆದರೆ ನಮ್ಮ ಬಯಲುಸೀಮೆಯ ಬಿಸಿಲನ್ನು ಅವು ಚೆನ್ನಾಗಿ ತಾಳುತ್ತವೆ. ಬಾಯಿಮಾತಿನ ಭರವಸೆಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ಕೇಳಿ ಉತ್ತರ ಬರಿಸಿಕೊಳ್ಳಿ. ನೂರು ಕಿಲೋಮೀಟರ್ ಎಂದಿದ್ದಕ್ಕೆ ನನ್ನ ಬಳಿ ಪುರಾವೆ ಇಲ್ಲದೆ ಹೋಯಿತು.

ಇನ್ನೊಂದು ಮಾತು. ಮಕ್ಕಳಿಗೆಂದು ನೋಂದಣಿ, ಪರವಾನಗಿ ಬೇಡದ ಗಾಡಿ ಕೊಡಿಸುವವರಿದ್ದಾರೆ. ಮೋಟಾರು 250 ವ್ಯಾಟ್ ಮೀರದೆ, ವೇಗ ಗಂಟೆಗೆ 25 ಕಿಲೋಮೀಟರ್ ದಾಟದೆ ಇದ್ದರೆ ಮಾತ್ರ ಆ ವಿನಾಯಿತಿ. ವೇಗದ ತಡೆ ತೆಗೆಸಿ ನಲವತ್ತರಲ್ಲಿ ಓಡಿಸಿದರೆ ಅದು ನೋಂದಣಿಯೂ ವಿಮೆಯೂ ಇಲ್ಲದ ಅಕ್ರಮ ವಾಹನ. ಅಪಘಾತವಾದರೆ ತಂದೆತಾಯಿಯ ಕೈಗೆ ಬರುವುದು ಪೊಲೀಸ್ ಕೇಸು.

ನನ್ನ ಗಾಡಿಗೆ ಹದಿನೆಂಟು ಸಾವಿರಕ್ಕೆ ಪ್ಯಾಕ್ ಕಟ್ಟಿಕೊಡುತ್ತೇನೆಂದು ಸ್ಥಳೀಯರೊಬ್ಬರು ಮುಂದೆ ಬಂದರು. ಪ್ರಮಾಣಪತ್ರವಿಲ್ಲ, ಸೆಲ್‌ಗಳು ಎಲ್ಲಿಂದ ಬಂದವೆಂಬ ದಾಖಲೆಯಿಲ್ಲ. ರಾತ್ರಿ ಮಕ್ಕಳು ಮಲಗಿರುವ ಮನೆಯೊಳಗೆ ಅದನ್ನು ಚಾರ್ಜಿಗೆ ಹಾಕುವ ಧೈರ್ಯ ನನಗೆ ಬರಲಿಲ್ಲ. ಯಾರೂ ಹಾಕಬೇಡಿ.

ಇಷ್ಟಾದರೂ ಮುಂದೆ ಕೊಂಡರೆ ಎಲೆಕ್ಟ್ರಿಕ್ ಗಾಡಿಯನ್ನೇ ಕೊಳ್ಳುತ್ತೇನೆ. ನಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರು, ಊರಿನಲ್ಲಿಯೇ ಸರ್ವೀಸ್ ಇರುವ ಕಂಪನಿಯ ಸ್ಕೂಟರ್ ತೆಗೆದುಕೊಂಡು ಎರಡು ವರ್ಷದಿಂದ ನೆಮ್ಮದಿಯಾಗಿ ಓಡಿಸುತ್ತಿದ್ದಾರೆ. 2017ರಲ್ಲಿಯೇ ಎಲೆಕ್ಟ್ರಿಕ್ ವಾಹನ ನೀತಿ ತಂದ ಮೊದಲ ರಾಜ್ಯ ನಮ್ಮದು. ಆ ನೀತಿಯ ಫಲ ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ನಿಂತುಬಿಡದೆ ಹರಿಹರ, ಹಾನಗಲ್, ಹೊಸದುರ್ಗಗಳಿಗೂ ಬರಬೇಕು ಎಂಬುದಷ್ಟೇ ನನ್ನ ಆಸೆ.

ಜಿಲ್ಲಾ ಗ್ರಾಹಕರ ಆಯೋಗದಲ್ಲಿ ಕಂಪನಿಯ ಮೇಲೆ ದೂರು ಕೊಟ್ಟಿದ್ದೇನೆ. 2019ರ ಕಾಯ್ದೆಯ ಪ್ರಕಾರ ನಾವು ವಾಸವಿರುವ ಊರಿನಲ್ಲಿಯೇ ದೂರು ಕೊಡಬಹುದು, ಕೊಟ್ಟ ಬೆಲೆ ಐದು ಲಕ್ಷದವರೆಗೆ ಇದ್ದರೆ ಶುಲ್ಕವಿಲ್ಲ. ಆದರೆ ತೊಂದರೆ ಉಂಟಾದ ಎರಡು ವರ್ಷದೊಳಗೆ ಕೊಡಬೇಕು. ನನ್ನಂತೆ ಆ ಮಳಿಗೆಯಲ್ಲಿ ಕೊಂಡು ಸುಮ್ಮನೆ ಕುಳಿತಿರುವವರು ನಮ್ಮೂರಿನಲ್ಲಿಯೇ ಹಲವರಿದ್ದಾರೆ. ಬಿಲ್ಲು, ವಾರಂಟಿ ಪುಸ್ತಕ, ಸರ್ವೀಸ್ ಚೀಟಿಗಳನ್ನು ಇವತ್ತೇ ಹುಡುಕಿ ತೆಗೆದಿಡಿ. ಕೆಟ್ಟ ಬ್ಯಾಟರಿಯನ್ನು ಗುಜರಿಗೆ ಕೊಡಬೇಡಿ, ಅದೇ ಸಾಕ್ಷ್ಯ. ಮೊದಲ ಹೆಜ್ಜೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಸಂಖ್ಯೆಗೆ ಕರೆ ಮಾಡಿ.